ವ್ಯಾಪಾರಿಗೂ ಸೂರು ಬೇಕು

ದಕ್ಷಿಣ ಚೀನಾದ ಗ್ವಾಂಗ್‌ಝೌ ನಗರದಲ್ಲಿ ಶಿಯಾವ್‌ಬೇ ಎಂಬ ಬಡಾವಣೆಯಿದೆ. 1990ರ ದಶಕದ ಕೊನೆಯಿಂದ ನೈಜೀರಿಯಾ, ಮಾಲಿ, ಗಿನಿ, ಕಾಂಗೋ ದೇಶಗಳ ವ್ಯಾಪಾರಿಗಳು ಈ ಬಡಾವಣೆಗೂ ನಗರದ ಇತರೆಡೆಗೂ ಬರತೊಡಗಿದರು. ಜೀನ್ಸ್, ಚಪ್ಪಲಿ, ಮೊಬೈಲುಗಳನ್ನು ಕೊಂಡು, ಕಂತೆ ಕಟ್ಟಿ, ಟೇಪು ಸುತ್ತಿ, ತೂಗಿ, ಕಂಟೇನರಿಗೆ ತುಂಬಿ ಊರಿಗೆ ಕಳಿಸಿದರು. ಇದರಿಂದ ಬದುಕು ಕಟ್ಟಿಕೊಂಡವರು ಅವರಷ್ಟೇ ಅಲ್ಲ; ಅಲ್ಲಿನ ಸಣ್ಣ ಕಾರ್ಖಾನೆಗಳು, ಮಳಿಗೆಯವರು, ಮನೆ ಮಾಲೀಕರೂ ಬೆಳೆದರು. ಹೀಗಿರುವಾಗ ವ್ಯವಹಾರ ಬೇಕು, ಮನುಷ್ಯ ಬೇಡ ಎನ್ನುವುದು ನ್ಯಾಯವಲ್ಲ.

ವೀಸಾ ಅವಧಿ ಮುಗಿದರೂ ಉಳಿಯುವವರಿದ್ದಾರಲ್ಲ, ಅವರಿಗೆ ಕಾನೂನು ಬೇಡವೇ ಎಂದು ಕೇಳಬಹುದು. ಖಂಡಿತ ಬೇಕು. ಆದರೆ ತಪ್ಪು ಮಾಡಿದವನಷ್ಟೇ ಅದಕ್ಕೆ ಹೊಣೆಯಾಗಬೇಕು. 2020ರ ಏಪ್ರಿಲ್‌ನಲ್ಲಿ, ಕೋವಿಡ್ ಭೀತಿಯ ನಡುವೆ, ಇದೇ ನಗರದಲ್ಲಿ ಅನೇಕ ಆಫ್ರಿಕನ್ನರನ್ನು ಬಾಡಿಗೆ ಮನೆ, ಹೋಟೆಲುಗಳಿಂದ ಹೊರಹಾಕಲಾಯಿತು. ದಾಖಲೆ ಸರಿಯಿದ್ದವರೂ ಬೀದಿಯಲ್ಲಿ ರಾತ್ರಿ ಕಳೆದರು. ಸೋಂಕಿನ ಭಯ ಸಹಜವೇ ಇರಬಹುದು. ಆದರೆ ಸೋಂಕನ್ನು ಮೈಬಣ್ಣ ನೋಡಿ ಗುರುತಿಸಲಾಗದು, ಬೀದಿಗೆ ತಳ್ಳಿ ತಡೆಯಲೂ ಆಗದು. ಆಫ್ರಿಕಾದ ರಾಯಭಾರಿಗಳು ಪ್ರತಿಭಟಿಸಿದ ಮೇಲೆ, ಭೇದಭಾವ ಕೂಡದೆಂಬ ಸೂಚನೆ ಅಲ್ಲಿ ಹೊರಬಿತ್ತು. ಆ ಎಚ್ಚರ ಮೊದಲೇ ಇರಬೇಕಿತ್ತು. ಪರದೇಶಿಯ ದುಡಿಮೆಯಿಂದ ಲಾಭ ಪಡೆಯುವ ಯಾವುದೇ ನಗರ ಕಷ್ಟಕಾಲದಲ್ಲಿ ಅವನಿಗೆ ಸೂರು, ಸಮಾನ ರಕ್ಷಣೆ ಎರಡನ್ನೂ ಕೊಡಲೇಬೇಕು.