ಸಸಿಗಳ ವ್ಯಾಪಾರದಲ್ಲಿ ತಾಯಿಮರವೇ ಮೂಲಧನ

(ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಬೇಸಾಯಗಾರರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಪತ್ತನಾಜೆ ಕಳೆದು ಮಳೆ ಹಿಡಿಯಿತೆಂದರೆ ನಮ್ಮ ಸೀಮೆಯಲ್ಲಿ ಸಸಿಗಳಿಗಾಗಿ ಓಡಾಟವು ಆರಂಭವಾಗುವುದು. ಅಡಿಕೆಯ ಸಸಿ, ಗೇರಿನ ಕಸಿಗಿಡ, ಕರಿಮೆಣಸಿನ ಬಳ್ಳಿ, ಇವುಗಳನ್ನು ಹುಡುಕಿಕೊಂಡು ಬೇಸಾಯಗಾರರು ಊರಿಂದೂರಿಗೆ ಹೋಗುವರು. ನೀರು, ನೆರಳು, ಹಟ್ಟಿಗೊಬ್ಬರ, ಒಳ್ಳೆಯ ಹಳೆಯ ಮರಗಳು, ಇವು ನಾಲ್ಕೂ ತಮ್ಮಲ್ಲಿ ಅನೇಕರ ಮನೆಯಲ್ಲಿಯೇ ಇರುವುದರಿಂದ, ನರ್ಸರಿಯನ್ನು ನಡೆಸುವ ಉದ್ಯೋಗವು ತಮಗೆ ಅನುಕೂಲವಾದುದೇ ಸರಿ. ಆದರೆ ಇದನ್ನು ಕೈಕೊಳ್ಳುವುದಕ್ಕೆ ಮುಂಚೆ ಒಂದು ಸಂಗತಿಯನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳತಕ್ಕದ್ದು.

ಅಕ್ಕಿಯನ್ನು ಕೊಳ್ಳುವವನು ಅದನ್ನು ಅಂಗೈಯಲ್ಲಿ ಹಾಕಿ ನೋಡುವನು. ಸೌತೆಯ ಬೀಜ ಕೆಟ್ಟದಾದರೆ ಎರಡು ತಿಂಗಳೊಳಗೆ ತಿಳಿಯುವುದು. ಅಡಿಕೆಯ ಸಸಿಯ ಗುಣವಾದರೋ ಐದಾರು ವರ್ಷಗಳು ಕಳೆಯದೆ ಗೊತ್ತಾಗುವುದಿಲ್ಲ. ಒಂಬತ್ತು ಅಡಿಯ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು ೫೫೦ ಸಸಿಗಳು ಬೇಕು. ಅವನ್ನು ಕೊಂಡವನು ಅಗತೆ ಮಾಡಿ, ಗೊಬ್ಬರ ಹಾಕಿ, ಬೇಸಗೆಯಲ್ಲಿ ನೀರು ಹಾಯಿಸಿ, ಕಡೆಗೆ ಅರ್ಧ ತೋಟವು ಬಂಜೆಯಾಯಿತೆಂದು ಕಂಡರೆ ಕಳೆದ ವರ್ಷಗಳನ್ನು ಅವನಿಗೆ ಯಾರೂ ಹಿಂದಕ್ಕೆ ಕೊಡಲಾರರು. ಸಸಿಯ ಕ್ರಯವನ್ನು ಮರಳಿಸಿದರೂ ನಷ್ಟವು ತುಂಬದು. ಆದುದರಿಂದ ನರ್ಸರಿಯವನು ನಿಜವಾಗಿ ಮಾರುವುದು ನಂಬಿಕೆಯನ್ನು. ಆ ನಂಬಿಕೆಗೆ ಆಧಾರವು ತಾಯಿಮರ.

ಮೊದಲು ಅಡಿಕೆಯ ವಿಚಾರ. ಬೇಗನೆ ಫಲಕ್ಕೆ ಬಂದುದೂ, ವರ್ಷವರ್ಷವೂ ತಪ್ಪದೆ ಫಸಲು ಕೊಡುವುದೂ, ಗಂಟುಗಳ ನಡುವಣ ಅಂತರ ಕಡಿಮೆಯಿದ್ದು ತಲೆಯಲ್ಲಿ ಸೋಗೆಗಳು ಹೆಚ್ಚಾಗಿರುವುದೂ, ಹಿಂಗಾರದ ಹೆಣ್ಣು ಹೂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಾಯಿ ಕಟ್ಟುವುದೂ ಆದ ಮರವನ್ನು ಆರಿಸಿರಿ. ಒಂದು ವರ್ಷದ ಗೊನೆಯನ್ನು ಕಂಡು ಮೋಸಹೋಗದೆ, ಕೆಲವು ವರ್ಷಗಳ ಫಸಲನ್ನು ಬರೆದಿಟ್ಟು ನಿಶ್ಚಯಿಸಬೇಕು. ಆರಿಸಿದ ಮರಕ್ಕೆ ಬಣ್ಣದಿಂದ ಒಂದು ಸಂಖ್ಯೆಯನ್ನು ಹಾಕಿರಿ. ಅದರ ನಡುಗೊನೆಗಳಿಂದ ಪೂರ್ಣವಾಗಿ ಹಣ್ಣಾದ, ೩೫ ಗ್ರಾಮಿಗಿಂತ ಹೆಚ್ಚು ತೂಗುವ ಅಡಿಕೆಗಳನ್ನು ತೆಗೆದು ನೀರಿಗೆ ಹಾಕಬೇಕು. ತೊಟ್ಟು ಮೇಲಾಗಿ ನೆಟ್ಟಗೆ ನಿಂತು ತೇಲುವವುಗಳಿಂದ ಪುಷ್ಟವಾದ ಸಸಿಗಳು ಬರುವುವು. ಅಡ್ಡಬಿದ್ದು ತೇಲುವವನ್ನು ಬಿಟ್ಟುಬಿಡಿರಿ.

ಬೀಜದಡಿಕೆಯನ್ನು ಸಿಪ್ಪೆಸಹಿತವಾಗಿ, ಒಣಗಲು ಬಿಡದೆ, ಹೊಯಿಗೆಯ ಮಡಿಯಲ್ಲಿ ಎರಡೆರಡು ಅಂಗುಲ ದೂರಕ್ಕೆ ತೊಟ್ಟು ಮೇಲ್ಮುಖವಾಗಿ ಊರಿ, ತೆಳುವಾಗಿ ಹೊಯಿಗೆ ಮುಚ್ಚಿ, ದಿನವೂ ನೀರು ಚಿಮುಕಿಸಬೇಕು. ಸುಮಾರು ೪೦ ದಿನಗಳಿಗೆ ಮೊಳಕೆ ತೋರತೊಡಗುವುದು. ಮೂರು ತಿಂಗಳ ಸಸಿಗಳನ್ನು ಎರಡನೆಯ ಮಡಿಗೆ ಒಂದಡಿ ಅಂತರದಲ್ಲಿ, ಅಥವಾ ಹತ್ತಂಗುಲ ಉದ್ದ, ಆರಂಗುಲ ಅಗಲದ ಪ್ಲಾಸ್ಟಿಕ್ ಚೀಲಗಳಿಗೆ ವರ್ಗಾಯಿಸುವುದು. ಚೀಲಕ್ಕೆ ಮೇಲ್ಮಣ್ಣು ೭ ಪಾಲು, ಹಟ್ಟಿಗೊಬ್ಬರ ೩ ಪಾಲು, ಹೊಯಿಗೆ ೨ ಪಾಲು ಬೆರೆಸಿದರೆ ಸಾಕು. ನೀರು ನಿಲ್ಲದಂತೆಯೂ ನೇರವಾದ ಬಿಸಿಲು ತಾಗದಂತೆಯೂ ನೋಡಿಕೊಳ್ಳಬೇಕು. ಹನ್ನೆರಡರಿಂದ ಹದಿನೆಂಟು ತಿಂಗಳ ಮೇಲೆ, ಐದು ಎಲೆಗಳಿಗೆ ಕಡಿಮೆಯಿಲ್ಲದ, ಗಿಡ್ಡವೂ ದಪ್ಪವೂ ಆದ ಸಸಿಗಳನ್ನು ಮಾತ್ರ ಮಾರಾಟಕ್ಕೆ ಇಡತಕ್ಕದ್ದು. ಸಪೂರವಾಗಿ ಎತ್ತರಕ್ಕೆ ಬೆಳೆದ ಸಸಿಯು ನೋಡುವವರ ಕಣ್ಣಿಗೆ ಚೆನ್ನಾಗಿ ಕಂಡರೂ ತೋಟಕ್ಕೆ ಒಳ್ಳೆಯದಲ್ಲ.

ವಿಟ್ಲದಲ್ಲಿ ೧೯೫೬ರಲ್ಲಿ ಸ್ಥಾಪಿತವಾದ ಅಡಿಕೆ ಸಂಶೋಧನಾ ಕೇಂದ್ರದಿಂದ ೧೯೭೨ರಲ್ಲಿ ‘ಮಂಗಳ’ ತಳಿಯು ಹೊರಬಂದಿತು. ಇದರ ಮೂಲವು ಚೀನಾ ದೇಶದ್ದು. ತಳಿಯ ಹೆಸರಿಗೆ ಬೆಲೆಯುಂಟೆಂಬುದು ನಿಜ. ಆದರೆ ಅಡಿಕೆಯಲ್ಲಿ ಪರಪರಾಗವು ನಡೆಯುವುದರಿಂದ, ನೆರೆಯಲ್ಲಿ ಬೇರೆ ಜಾತಿಯ ಮರಗಳಿದ್ದರೆ ‘ಮಂಗಳ’ದ ಮರದಿಂದ ತೆಗೆದ ಬೀಜವೆಲ್ಲವೂ ‘ಮಂಗಳ’ವೇ ಆಗಲಾರದು. ಹಾಗಿರುವಲ್ಲಿ ಆ ಹೆಸರಿನ ಚೀಟಿಯನ್ನು ಕಟ್ಟಿ ಮಾರುವುದು ಧರ್ಮವಲ್ಲ. ‘ನಮ್ಮ ತೋಟದ ೧೨ನೆಯ ಮರದ ಸಸಿ’ ಎಂದು ಹೇಳಿ ಆ ಮರವನ್ನೇ ತೋರಿಸುವುದು ಅದಕ್ಕಿಂತ ಮೇಲು.

ಗೇರಿನಲ್ಲಿ ಈ ತೊಂದರೆಗೆ ಕಸಿಯೇ ಪರಿಹಾರ. ಬೀಜದ ಗಿಡವು ತಾಯಿಯ ಗುಣವನ್ನು ಹಿಡಿಯುವುದೆಂಬ ನಂಬಿಕೆಯಿಲ್ಲ, ಕಸಿಗಿಡವು ಹಿಡಿಯುವುದು. ಪುತ್ತೂರಿನಲ್ಲಿಯೇ ೧೯೮೬ರಿಂದ ರಾಷ್ಟ್ರೀಯ ಮಟ್ಟದ ಗೇರು ಸಂಶೋಧನಾ ಸಂಸ್ಥೆಯು ಇರುವುದು ನಮ್ಮ ಭಾಗ್ಯ. ಸುಮಾರು ಎರಡು ತಿಂಗಳ ಬೀಜದ ಸಸಿಯ ತುದಿಯನ್ನು ಕತ್ತರಿಸಿ, ನಡುವೆ ಸೀಳಿ, ಆರಿಸಿದ ಮರದ ಪೆನ್ಸಿಲ್ ಗಾತ್ರದ ಕಸಿಕಡ್ಡಿಯನ್ನು ಬೆಣೆಯಂತೆ ಕೆತ್ತಿ ಅದರಲ್ಲಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯುವುದೇ ಮೃದುಕಾಂಡ ಕಸಿಯ ಕ್ರಮ. ಕಡ್ಡಿಯನ್ನು ಕೊಯ್ಯುವುದಕ್ಕೆ ಕೆಲವು ದಿನ ಮುಂಚೆ ಅದರ ಎಲೆಗಳನ್ನು ತೊಟ್ಟುಳಿಸಿ ತೆಗೆದಿರಬೇಕು. ಕಸಿಯ ಕೆಳಗಿನಿಂದ ಬರುವ ಚಿಗುರುಗಳನ್ನು ಆಗಾಗ ಚಿವುಟದಿದ್ದರೆ ಕಸಿಯು ಸತ್ತು ಕಾಡುಗಿಡವೇ ಉಳಿಯುವುದು. ಕೊಂಡವನು ಅದನ್ನು ಅರಿಯದೆ ಸಾಕುತ್ತಿರುವನು.

ಕರಿಮೆಣಸಿನಲ್ಲಿ ಅಪಾಯವು ಮಣ್ಣಿನಲ್ಲಿದೆ. ಸೊರಗುರೋಗದ ಬೂಷ್ಟೂ ಬೇರನ್ನು ಕೆಡಿಸುವ ಜಂತುಹುಳಗಳೂ ಚೀಲದ ಮಣ್ಣಿನೊಡನೆಯೇ ಗಿರಾಕಿಯ ತೋಟವನ್ನು ಸೇರಬಲ್ಲವು. ಆದಕಾರಣ ರೋಗವಿರುವ ತೋಟದ ಬಳ್ಳಿಯನ್ನೂ ಮಣ್ಣನ್ನೂ ಮುಟ್ಟಬಾರದು. ಚೀಲಕ್ಕೆ ತುಂಬುವ ಮಣ್ಣನ್ನು ಬೇಸಗೆಯಲ್ಲಿ ಒದ್ದೆಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ, ಕೆಲವು ವಾರ ಬಿಸಿಲಿಗೆ ಕಾಯಿಸಿದರೆ ಬಹಳ ಮಟ್ಟಿಗೆ ಶುದ್ಧಿಯಾಗುವುದು.

ಇನ್ನು ಸುಳ್ಯದ ದುಃಖದ ಮಾತು. ಸಂಪಾಜೆ, ಅರಂತೋಡು ಮೊದಲಾದ ಕಡೆಗಳಲ್ಲಿ ಹಳದಿ ಎಲೆ ರೋಗದಿಂದ ತೋಟಗಳು ನಾಶವಾದುದನ್ನು ತಾವೆಲ್ಲರೂ ಬಲ್ಲಿರಿ. ಫೈಟೋಪ್ಲಾಸ್ಮಾ ಎಂಬ ಅತಿಸೂಕ್ಷ್ಮ ಜೀವಿಯಿಂದ ಬರುವ ಈ ರೋಗವನ್ನು ಹತ್ತಿದ ಮೇಲೆ ಗುಣಪಡಿಸುವ ಔಷಧವಿಲ್ಲ. ತೋಟವನ್ನು ಕಳೆದುಕೊಂಡವನು ‘ರೋಗ ಬಾರದ ಸಸಿ’ ಎಂಬ ಮಾತನ್ನು ಕೇಳಿದರೆ ಸಾಲಮಾಡಿಯಾದರೂ ಕೊಳ್ಳುವನು. ಸಂಶೋಧನಾ ಕೇಂದ್ರದವರು ಪರೀಕ್ಷಿಸಿ ಹೇಳದ ಹೊರತು ಆ ಮಾತನ್ನು ಯಾವ ನರ್ಸರಿಯವನೂ ಆಡಕೂಡದು. ಒಮ್ಮೆ ಸೋತವನನ್ನು ಎರಡನೆಯ ಸಲ ಸೋಲಿಸುವುದಕ್ಕಿಂತ ದೊಡ್ಡ ಪಾಪವು ಈ ಉದ್ಯೋಗದಲ್ಲಿ ಇಲ್ಲ.

ಲೆಕ್ಕದ ವಿಷಯವನ್ನೂ ಹೇಳುವೆನು. ಸಾವಿರ ಬೀಜಗಳನ್ನು ಊರಿ, ಕಡೆಯವರೆಗೆ ೨೧,೦೦೦ ರೂಪಾಯಿ ಖರ್ಚಾಯಿತೆಂದೂ, ಮಾರಲು ಯೋಗ್ಯವಾದ ಸಸಿಗಳು ೭೦೦ ಉಳಿದುವೆಂದೂ ಭಾವಿಸಿರಿ. ಆಗ ಒಂದು ಸಸಿಯ ಅಸಲು ೨೧ ರೂಪಾಯಿಯಲ್ಲ, ೩೦ ರೂಪಾಯಿ. ಇದನ್ನು ತಿಳಿಯದವನು ಮೊದಲು ಅಗ್ಗವಾಗಿ ಮಾರಿ, ಬಳಿಕ ನಷ್ಟವನ್ನು ತುಂಬಲು ಬಿಡತಕ್ಕ ಸಸಿಗಳನ್ನೂ ಮಾರತೊಡಗುವನು. ನರ್ಸರಿಗಳು ಕೆಡುವ ದಾರಿ ಇದೇ. ಕೀಳು ಸಸಿಗಳನ್ನು ಅರ್ಧಕ್ರಯಕ್ಕೂ ಕೊಡದೆ ಗೊಬ್ಬರದ ಗುಂಡಿಗೆ ಹಾಕಿ, ಅವುಗಳ ಖರ್ಚನ್ನು ಒಳ್ಳೆಯ ಸಸಿಗಳ ಕ್ರಯದಲ್ಲಿಯೇ ಸೇರಿಸಿರಿ. ಮೊದಲ ವರ್ಷ ಸ್ವಲ್ಪದರಲ್ಲಿ ಆರಂಭಿಸಿ, ಮುಂಗಡ ಬೇಡಿಕೆಯನ್ನು ನೋಡಿಕೊಂಡು ಹೆಚ್ಚಿಸುವುದು ಕ್ಷೇಮ.

ಒಂದು ಪುಸ್ತಕವನ್ನಿಟ್ಟು ಅದರಲ್ಲಿ ತಾಯಿಮರದ ಸಂಖ್ಯೆ, ಬೀಜ ಊರಿದ ಅಥವಾ ಕಸಿ ಕಟ್ಟಿದ ತಾರೀಕು, ಕೊಂಡವರ ಹೆಸರು, ಸಸಿಗಳ ಸಂಖ್ಯೆ, ಇವನ್ನು ಬರೆಯುತ್ತ ಬನ್ನಿರಿ. ಐದು ವರ್ಷಗಳ ಮೇಲೆ ಆ ತೋಟಗಳಿಗೆ ಹೋಗಿ ನೋಡಿದರೆ, ಯಾವ ಮರದ ಬೀಜ ಒಳ್ಳೆಯದು, ಯಾವುದನ್ನು ಬಿಡಬೇಕು ಎಂಬುದು ತಮಗೇ ತಿಳಿಯುವುದು. ರಾಷ್ಟ್ರೀಯ ತೋಟಗಾರಿಕಾ ಮಂಡಳಿಯವರು ನರ್ಸರಿಗಳಿಗೆ ಮಾನ್ಯತೆ ಕೊಡುವ ಏರ್ಪಾಡೂ ಉಂಟು. ಅದನ್ನು ಬಯಸುವವರಿಗೆ ಇಂತಹ ಪುಸ್ತಕವು ಬಹಳ ಸಹಾಯಕವಾಗುವುದು.

ಊರಿನ ಯಜಮಾನರಲ್ಲಿ ನನ್ನ ಕಡೆಯ ವಿಜ್ಞಾಪನೆ ಇಷ್ಟೇ. ತಮ್ಮ ಗ್ರಾಮದಲ್ಲಿ ಉತ್ತಮವಾದ ಮರಗಳು ಯಾರ ಯಾರ ತೋಟದಲ್ಲಿವೆ ಎಂಬುದನ್ನು ತಾವು ಬಲ್ಲಿರಿ. ಅವನ್ನು ಗುರುತಿಸಿ ಬರೆದಿಡಿರಿ. ಕಡಿಯಹೊರಟವರಿಗೆ ನಾಲ್ಕು ಮಾತು ಹೇಳಿರಿ. ಸಸಿ ಕೊಳ್ಳಹೋಗುವ ಕಿರಿಯರಿಗೆ, ‘ಕ್ರಯವನ್ನು ಆಮೇಲೆ ಕೇಳು, ಮೊದಲು ತಾಯಿಮರವನ್ನು ತೋರಿಸೆಂದು ಕೇಳು’ ಎಂದು ಕಲಿಸಿರಿ. ಕೊಳ್ಳುವವರೆಲ್ಲರೂ ಹೀಗೆ ಕೇಳತೊಡಗಿದ ದಿನ, ಮರವನ್ನು ತೋರಿಸಲಾರದ ನರ್ಸರಿಯು ತಾನಾಗಿಯೇ ಮುಚ್ಚುವುದು; ತೋರಿಸಬಲ್ಲ ನರ್ಸರಿಯು ಮಕ್ಕಳ ಕಾಲಕ್ಕೂ ನಡೆಯುವುದು.