ಗೋಪುರದ ಹನ್ನೊಂದನೇ ಮೆಟ್ಟಿಲು



ಇಂದು ಅಕ್ಟೋಬರ್ 2, ಧರ್ಮಸಭೆ ಕಾವಲುದೂತರನ್ನು ಸ್ಮರಿಸುವ ದಿನ, ನಮ್ಮ ಧರ್ಮಕೇಂದ್ರದ ಹಬ್ಬ. ಗಾಂಧಿ ಜಯಂತಿಯ ರಜೆಯೂ ಹೌದು. ಹಲಸಿನ ಮರದ ಕೆಳಗೆ ಸಾಲಾಗಿ ನಿಂತ ಬೈಕುಗಳನ್ನು ನೋಡಿಯೇ ಒಳಗೆ ಬಂದಿದ್ದೇನೆ. ಹಬ್ಬದ ಊಟವಾದ ಕೂಡಲೇ ಅವು ಜೋಗದ ಕಡೆ ಹೊರಡುತ್ತವೆಂದು ನನಗೂ ಗೊತ್ತು, ನಿಮ್ಮ ತಾಯಂದಿರಿಗೂ ಗೊತ್ತು.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ನನಗೆ ಎತ್ತರವೆಂದರೆ ಭಯ. ಗುರುಮಠದಲ್ಲಿದ್ದಾಗ ಗೆಳೆಯರು ಬೆಟ್ಟ ಹತ್ತಿದರೆ ನಾನು ಕೆಳಗೆ ಕುಳಿತು ಎಲ್ಲರ ಚೀಲ ಕಾಯುತ್ತಿದ್ದೆ. ಕಳೆದ ವಾರ ಗಂಟೆಯ ಹಗ್ಗ ಸಿಕ್ಕಿಕೊಂಡಿತೆಂದು ಗೋಪುರದ ಏಣಿ ಹತ್ತಿದೆ. ಹನ್ನೊಂದನೇ ಮೆಟ್ಟಿಲಲ್ಲಿ ಕಾಲು ನಡುಗಿತು. ಮೇಲೆ ಹೋಗಲಾರೆ, ಕೆಳಗೆ ಇಳಿಯಲಾರೆ. ಪೀಠಸೇವೆಯ ಹುಡುಗರು ನಗು ತಡೆದುಕೊಂಡು ನಿಂತಿದ್ದರು. ಕೊನೆಗೆ ನಮ್ಮೂರಿನ ಕೊನೆಗಾರರೊಬ್ಬರು ನನ್ನ ಹಿಂದೆಯೇ ಹತ್ತಿ, ಹಿಮ್ಮಡಿ ಹಿಡಿದು, ಒಂದೊಂದೇ ಮೆಟ್ಟಿಲ ಮೇಲೆ ಇಡಿಸಿ ಇಳಿಸಿದರು.

ನನಗೋ ನಾಚಿಕೆ. ಅವರು ಹೇಳಿದರು: "ಹೆದರಿಕೆ ಇರ್ಲಿ ಫಾದರ್. ಮೂವತ್ತು ವರ್ಷದಿಂದ ಅಡಿಕೆ ಮರ ಹತ್ತುತಾ ಇದ್ದೀನಿ. ಇವತ್ತಿಗೂ ಮೊದಲನೇ ಮರಕ್ಕೆ ಎದೆ ಹೊಡ್ಕೊಳ್ತದೆ. ಹೊಡ್ಕೊಳ್ಳದ ದಿನ ನಾನು ಹತ್ತೋದೇ ಇಲ್ಲ."

ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯಲು ಮಳೆಗಾಲದಲ್ಲಿ ಪಾಚಿಗಟ್ಟಿದ ಮರ ಹತ್ತುವವರು ಇವರು. ಹತ್ತುವ ಮುಂಚೆ ಹಗ್ಗವನ್ನು ಎರಡು ಸಲ ಜಗ್ಗಿ ನೋಡುತ್ತಾರೆ. ಹಾಗೆ ಜಗ್ಗಿಸುವುದು ಆ ಭಯವೇ.

ಯುವಕರೇ, ಥ್ರಿಲ್ ಪಾಪವೆಂದು ನಾನು ಹೇಳುತ್ತಿಲ್ಲ. ಡಿಗ್ರಿ ಮುಗಿಸಿ ಎರಡು ವರ್ಷ ಕೆಲಸವಿಲ್ಲದೆ ಮನೆಯಲ್ಲಿ ಕುಳಿತವನಿಗೆ ಪ್ರಪಾತದ ಅಂಚಿನ ಐದು ನಿಮಿಷ 'ನಾನು ಬದುಕಿದ್ದೇನೆ' ಅನ್ನಿಸುತ್ತದೆ. ಹಿರಿಯರು ಬೈಯುವ ಮುಂಚೆ ಇದನ್ನು ತಿಳಿದುಕೊಳ್ಳಬೇಕು. ಆದರೆ ದೇಹದ ಗುಟ್ಟೊಂದಿದೆ. ನಿಂತಾಗ ನಾವು ಸದಾ ತುಸು ತೂಗುತ್ತಲೇ ಇರುತ್ತೇವೆ. ಹತ್ತಿರದ ಗೋಡೆಯನ್ನೋ ಮರವನ್ನೋ ನೋಡಿ ಕಣ್ಣು ಅದನ್ನು ಸರಿಪಡಿಸುತ್ತದೆ. ಪ್ರಪಾತದ ಅಂಚಿನಲ್ಲಿ ಎದುರಿಗೆ ಹತ್ತಿರ ಏನೂ ಇರುವುದಿಲ್ಲ, ತೂಗಾಟ ಹೆಚ್ಚುತ್ತದೆ. ಧೈರ್ಯವಂತನಿಗೂ ಅಷ್ಟೇ. ಜೋಗದ ಆಳ 253 ಮೀಟರ್. ಬೇಲಿ ದಾಟಿ, ಜಾರುವ ಬಂಡೆಯ ಮೇಲೆ ಬೆನ್ನು ತಿರುಗಿಸಿ ಫೋನ್ ಎತ್ತುವವನಿಗೆ ತೂಗಾಟದ ಅರಿವೂ ಇರುವುದಿಲ್ಲ.

ಮತ್ತಾಯನ ಶುಭಸಂದೇಶದ ನಾಲ್ಕನೇ ಅಧ್ಯಾಯ ನೆನಪಿಸಿಕೊಳ್ಳಿ. ಸೈತಾನ ಯೇಸುಸ್ವಾಮಿಯನ್ನು ಮಹಾದೇವಾಲಯದ ತುದಿಯಲ್ಲಿ ನಿಲ್ಲಿಸಿ, ಧುಮುಕು ಎನ್ನುತ್ತಾನೆ. ಆಧಾರವಾಗಿ ಎತ್ತಿ ಹೇಳುವುದು 91ನೇ ಕೀರ್ತನೆಯನ್ನು, ದೂತರು ಕೈಯಲ್ಲಿ ಎತ್ತಿಕೊಳ್ಳುವರೆಂಬ ಮಾತನ್ನು. ನಮ್ಮ ಹಬ್ಬದ ಕೀರ್ತನೆಯೇ ಅವನ ಬಾಯಲ್ಲಿ! ದೂತರು ಬರುವುದಿಲ್ಲ ಎಂದು ಯೇಸು ಹೇಳಲಿಲ್ಲ. ದೇವರನ್ನು ಪರೀಕ್ಷೆಗೆ ಒಡ್ಡಬಾರದು ಎಂದರು, ಧುಮುಕಲಿಲ್ಲ. ಸೈತಾನ ಹೋದ ಮೇಲೆ ದೂತರು ಬಂದು ಉಪಚರಿಸಿದರು.

ಇನ್ನೊಮ್ಮೆ ದೂತ ಬಂದದ್ದು ಓಲಿವ್ ಗುಡ್ಡದಲ್ಲಿ ಎಂದು ಲೂಕ ಬರೆಯುತ್ತಾನೆ. ಅಲ್ಲಿ ಪ್ರಭುವಿಗೆ ತೀವ್ರ ಸಂಕಟ. ದೂತ ಆ ಸಂಕಟವನ್ನು ತೆಗೆದುಹಾಕಲಿಲ್ಲ, ಬಲ ಕೊಟ್ಟ. ನನ್ನ ಹಿಮ್ಮಡಿ ಹಿಡಿದ ಕೈ ನೆನಪಾದಾಗಲೆಲ್ಲ ನನಗೆ ಆ ದೂತನೂ ನೆನಪಾಗುತ್ತಾನೆ.

ಹೊರಡುವವರು ಊಟವಾದ ಮೇಲೆ ನನ್ನ ಬಳಿ ಬನ್ನಿ, ಆಶೀರ್ವಾದ ಕೊಡುತ್ತೇನೆ. ಬೇಲಿಯ ಈಚೆ ನಿಂತು ನೋಡಿ, ತಲುಪಿದ ಮೇಲೆ ಮನೆಗೊಂದು ಫೋನ್ ಮಾಡಿ. ಗಂಟೆಯ ಹಗ್ಗ ಇನ್ನೂ ಸರಿಯಾಗಿಲ್ಲ. ನಾಳೆ ಬೆಳಗಿನ ಪೂಜೆಯ ನಂತರ ನಾನು ಮತ್ತೆ ಹತ್ತುತ್ತೇನೆ. ಏಣಿ ಹಿಡಿಯಲು ಇಬ್ಬರು ಗಟ್ಟಿ ಹುಡುಗರು ಬೇಕು, ಹೆಸರು ಕೊಟ್ಟು ಹೋಗಿ.