ಅಡ್ಡ ಪರಿಣಾಮ

‘ಅಡ್ಡ ಪರಿಣಾಮ’ ಎಂಬ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ‘ಅಡ್ಡ’ ಎಂದೊಡನೆ ಅದೇನೋ ಮುಖ್ಯವಲ್ಲದ್ದು, ಪಕ್ಕದಲ್ಲಿ ಹಾದು ಹೋಗುವಂಥದ್ದು ಎಂಬ ಭಾವನೆ ಮೂಡುತ್ತದೆ. ಆದರೆ ಔಷಧವನ್ನು ಸೇವಿಸುವ ದೇಹಕ್ಕೆ ಅಡ್ಡ, ನೇರ ಎಂಬ ಭೇದವಿಲ್ಲ. ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ನನ್ನ ಭಾವನವರ ಅಂಗಾಲಿನಿಂದ ಕಲಿತೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಶಾಲೆಗಳಲ್ಲಿ ಉಪಾಧ್ಯಾಯನಾಗಿ ನನ್ನ ಆಯುಷ್ಯದ ಬಹುಭಾಗ ಕಳೆಯಿತು. ಮಳೆ ಕಡಿಮೆ, ಬಂಡೆ ಹೆಚ್ಚು ಎನ್ನುವ ಸೀಮೆ. ನೋವನ್ನು ಹೇಳಿಕೊಳ್ಳುವುದು ಒಂದು ಬಗೆಯ ಸೋಲೆಂದು ತಿಳಿಯುವವರು ಇಲ್ಲಿ ಬಹಳ. ಪಾವಗಡದ ಕಡೆ ಕಡಲೆಕಾಯಿ ಬೆಳೆಯುತ್ತಿದ್ದ ನನ್ನ ಭಾವನವರೂ ಅಂಥವರೇ. ಮೂತ್ರದಲ್ಲಿ ರಕ್ತ ಕಂಡು, ಅದು ಮೂತ್ರಪಿಂಡದ ಕ್ಯಾನ್ಸರ್ ಎಂದು ಗೊತ್ತಾಗುವ ವೇಳೆಗೆ ರೋಗ ಶ್ವಾಸಕೋಶಕ್ಕೂ ಹಬ್ಬಿತ್ತು.

ಈ ಕ್ಯಾನ್ಸರಿಗೆ ಸಾಮಾನ್ಯ ಕೀಮೋಥೆರಪಿ ಅಷ್ಟಾಗಿ ನಾಟುವುದಿಲ್ಲ. ಬೆಂಗಳೂರಿನ ವೈದ್ಯರು ಸುನಿಟಿನಿಬ್ ಎಂಬ ಗುಳಿಗೆಯನ್ನು ಬರೆದುಕೊಟ್ಟರು. 2006ರಲ್ಲಿ ಅಮೆರಿಕದಲ್ಲಿ ಮನ್ನಣೆ ಪಡೆದ ಔಷಧ ಇದು. ನಾಲ್ಕು ವಾರ ಸೇವನೆ, ಎರಡು ವಾರ ಬಿಡುವು. ಗೆಡ್ಡೆ ಬೆಳೆಯಬೇಕಾದರೆ ಅದಕ್ಕೆ ಹೊಸ ರಕ್ತನಾಳಗಳು ಬೇಕು. ಗುಳಿಗೆ ಅವು ಹುಟ್ಟದಂತೆ ತಡೆಯುತ್ತದೆ. ಕಳೆಗೆ ಹರಿಯುವ ನೀರನ್ನು ನಿಲ್ಲಿಸಲೆಂದು ಕಾಲುವೆಗೆ ಮಣ್ಣು ಹಾಕಿದಂತೆ. ಆದರೆ ಅದೇ ಕಾಲುವೆಯ ನೀರನ್ನು ನಂಬಿದ ಪೈರೂ ಬಾಡುತ್ತದೆಯಲ್ಲ! ರಕ್ತದೊತ್ತಡ ಏರುವುದು, ಬಾಯಿ ಹುಣ್ಣಾಗುವುದು, ನಾಲಿಗೆಯ ರುಚಿ ಕೆಡುವುದು, ಭೇದಿ, ಥೈರಾಯ್ಡ್ ಗ್ರಂಥಿ ಮಂದವಾಗಿ ಬರುವ ಆಯಾಸ, ಇವೆಲ್ಲ ಅದರ ಹಿಂದೆಯೇ ಬಂದವು. ಮುದ್ದೆ ಹೇಗೋ ಗಂಟಲಿಗಿಳಿಯುತ್ತಿತ್ತು. ಖಾರದ ಸಾರು ಬೆಂಕಿಯಾಗಿತ್ತು.

ಎಲ್ಲಕ್ಕಿಂತ ಕಠಿಣವಾದದ್ದು ಅಂಗೈ, ಅಂಗಾಲು. ಈ ಔಷಧದಿಂದ ಒತ್ತು ಬೀಳುವ ಕಡೆ ಚರ್ಮ ಕೆಂಪಾಗಿ, ಉರಿದು, ದಪ್ಪಗಟ್ಟಿ ಬಿರಿಯುತ್ತದೆ. ಮೊದಲೇ ಜಡ್ಡುಗಟ್ಟಿದ್ದ ಕಡೆ ಇನ್ನೂ ಹೆಚ್ಚು. ಐವತ್ತು ವರ್ಷ ಬರಿಗಾಲಲ್ಲಿ ಹೊಲ ಉತ್ತವರ ಪಾದಗಳಲ್ಲಿ ಜಡ್ಡಿಗೇನು ಕೊರತೆ? ದುಡಿಮೆ ಕೊಟ್ಟ ರಕ್ಷೆಯೇ ಅವರಿಗೆ ಹಗೆಯಾಯಿತು. ಹಿತ್ತಲಿಗೂ ಗೋಡೆ ಹಿಡಿದು ಹೋಗುತ್ತಿದ್ದರು. ಅಕ್ಕ ಕೇಳಿದರೆ ಬಿಸಿಲೆಂದರು. ನಾನು ಕೇಳಿದಾಗ ಹೇಳಿದರು: “ಸುಮ್ಮನಿರಪ್ಪ, ಹೇಳಿದರೆ ಗುಳಿಗೆ ನಿಲ್ಲಿಸಿಬಿಡುತ್ತಾರೆ.”

ಅದೇ ಅವರ ಭಯ. ಬೆಂಗಳೂರು ಸುಮಾರು 150 ಕಿಲೋಮೀಟರ್ ದೂರ. ಅಲ್ಲಿ ವೈದ್ಯರೆದುರು ‘ಚೆನ್ನಾಗಿದ್ದೇನೆ’ ಎನ್ನುವುದು, ಊರಿಗೆ ಬಂದು ಉರಿ ತಾಳದೆ ತಮ್ಮಷ್ಟಕ್ಕೆ ತಾವೇ ಗುಳಿಗೆ ತಪ್ಪಿಸುವುದು, ಹೀಗೆ ನಾಲ್ಕು ತಿಂಗಳು ಕಳೆಯಿತು. ಅಷ್ಟರಲ್ಲಿ ಮೈ ಹಳದಿಯಾಯಿತು. ಊರವರು ಕಾಮಾಲೆ ಎಂದರು. ನಾರುಬೇರುಗಳಿಗೆ ಹೆಸರಾದ ಸಿದ್ಧರಬೆಟ್ಟ ಕೊರಟಗೆರೆ ತಾಲ್ಲೂಕಿನಲ್ಲೇ ಇದೆ. ಮೂಲಿಕೆಯ ಮೇಲಿನ ನಂಬಿಕೆ ನಮ್ಮಲ್ಲಿ ಹಳೆಯದು. ಯಾರೋ ಕೊಟ್ಟ ಕಾಮಾಲೆಯ ಔಷಧಿ ಮನೆಗೆ ಬಂದೇಬಿಟ್ಟಿತು. ಅಂದು ಅಕ್ಕ ಹಟ ಹಿಡಿದು ಅವರನ್ನು ಬೆಂಗಳೂರಿನ ಬಸ್ಸು ಹತ್ತಿಸಿದಳು.

ವೈದ್ಯರು ಮೊದಲು ಕಣ್ಣು ನೋಡಿದರು, ಅನಂತರ ರಕ್ತಪರೀಕ್ಷೆ ಮಾಡಿಸಿದರು. ಅದು ಕಾಮಾಲೆಯಲ್ಲ, ಗುಳಿಗೆಯ ಬಣ್ಣವೇ ಹಳದಿ, ಅದು ಚರ್ಮಕ್ಕೆ ಇಳಿದಿತ್ತು. ಆದರೆ ಈ ಔಷಧ ಯಕೃತ್ತನ್ನು ನಿಜವಾಗಿಯೂ ಕೆಡಿಸಬಲ್ಲುದು. ಕಣ್ಣಿನ ಬಿಳಿಭಾಗ ಹಳದಿಯಾದರೆ, ಮೂತ್ರದ ಬಣ್ಣ ಕಪ್ಪೇರಿದರೆ ತಡಮಾಡಬಾರದು. ಗುಳಿಗೆ ಕರಗುವುದೂ ಯಕೃತ್ತಿನಲ್ಲೇ ಆದ್ದರಿಂದ ವೈದ್ಯರಿಗೆ ತಿಳಿಸದೆ ಮೂಲಿಕೆ ಬೆರೆಸುವುದು ಅಪಾಯ.

ಬಳಿಕ ಅವರು ಪಾದ ನೋಡಿದರು. ಗದರಲಿಲ್ಲ. 50 ಮಿಲಿಗ್ರಾಮಿನ ಪ್ರಮಾಣವನ್ನು 37.5ಕ್ಕೆ ಇಳಿಸಿದರು, ಎರಡು ವಾರ ಸೇವಿಸಿ ಒಂದು ವಾರ ಬಿಡುವಂತೆ ಕ್ರಮ ಬದಲಿಸಿದರು, ಮೆತ್ತನೆಯ ಚಪ್ಪಲಿ ಹಾಕಲು ಹೇಳಿ, ಯೂರಿಯಾ ಬೆರೆತ ಮುಲಾಮು ಕೊಟ್ಟರು. “ಹೊಲಕ್ಕೆ ಹಾಕೋದನ್ನ ಕಾಲಿಗೂ ಹಾಕ್ತಾರೇನಪ್ಪ?” ಎಂದು ಭಾವನವರು ನಕ್ಕರು. ನಾಲ್ಕು ತಿಂಗಳಲ್ಲಿ ನಾನು ಕಂಡ ಮೊದಲ ನಗು ಅದು.

ಪ್ರಮಾಣ ಇಳಿಸುವುದು ಸೋಲಲ್ಲ ಎಂಬುದು ನಮಗೆ ಆಗ ತಿಳಿಯಿತು. ತಾಳಲಾರದೆ ಬಿಟ್ಟ ಔಷಧಕ್ಕಿಂತ ತಾಳಿಕೊಂಡು ನಡೆಸುವ ಔಷಧ ಮೇಲು. ರಕ್ತದೊತ್ತಡವನ್ನು ಊರ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ನೋಡಿಸಬಹುದು. ನಾನು ಅವರಿಗೊಂದು ನೋಟುಬುಕ್ಕು ಕೊಟ್ಟೆ: ದಿನಾಂಕ, ಗುಳಿಗೆ, ಒತ್ತಡ, ಎಷ್ಟು ಸಲ ಭೇದಿ, ಕಾಲು ಹೇಗಿದೆ.

2015ರಿಂದ ಈ ರೋಗಕ್ಕೆ ನಿವೊಲುಮಾಬ್‌ನಂಥ ಬೇರೆ ಬಗೆಯ ಔಷಧಗಳೂ ಬಂದಿವೆ. ಅವು ದೇಹದ ರಕ್ಷಣಾಶಕ್ತಿಯನ್ನೇ ಗೆಡ್ಡೆಯ ಮೇಲೆ ಬಿಡುತ್ತವೆ. ಆ ಶಕ್ತಿ ಕೆಲವೊಮ್ಮೆ ಸ್ವಂತ ಕರುಳು, ಶ್ವಾಸಕೋಶಗಳ ಮೇಲೂ ತಿರುಗಿ ಬೀಳುತ್ತದೆ, ಚಿಕಿತ್ಸೆ ಮುಗಿದು ತಿಂಗಳುಗಳಾದ ಮೇಲೂ ಕೂಡ. ಅಲ್ಲಿ ಒಂದು ಕೆಮ್ಮು, ಒಂದು ಭೇದಿ ಸಹ ಹೇಳಬೇಕಾದ ಸುದ್ದಿಯೇ.

ಭಾವನವರು ಆಮೇಲೆ ಎರಡು ಮುಂಗಾರು ಕಂಡರು. ರೋಗವನ್ನು ಗೆಲ್ಲಲಿಲ್ಲ. ಆದರೆ ಆ ನೋಟುಬುಕ್ಕಿನ ಬಹಳಷ್ಟು ಪುಟಗಳಲ್ಲಿ, ಗುಳಿಗೆಯ ಲೆಕ್ಕದ ಕೆಳಗೆ, ಪೆನ್ಸಿಲ್ಲಿನಲ್ಲಿ ಒಂದು ಸಾಲಿದೆ: ‘ಬದುವಿನ ತನಕ ನಡೆದೆ.’ ಸುಮ್ಮನೆ ಸಹಿಸಿದ ಆ ನಾಲ್ಕು ತಿಂಗಳಿಗೆ ಅಂಥ ಒಂದು ಸಾಲೂ ಇಲ್ಲವಲ್ಲ ಎಂಬುದೇ ನನ್ನ ಕೊರಗು.